ಕ್ಷಮಿಸೂದು, ದಯಾ ತೋರ್ಸೂದು: ನಮ್ಮ ಮಂದಿ ಪದೇ ಪದೇ ಕೇಳೂ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆ ಸಭೆಗಳೊಳಗ ಬೈಬಲ್ ಸ್ಟಡಿ ಮುಗದು ಚಾ ಕುಡಿಯೂ ಹೊತ್ನ್ಯಾಗ ಬರೂ ಪ್ರಶ್ನೆಗಳಿವು. ಸ್ಟಡಿ ನಡದಾಗ ಯಾರೂ ಬಾಯಿ ಬಿಡೂದಿಲ್ಲ, ಆಮ್ಯಾಲ ಒಬ್ಬೊಬ್ರ ಹತ್ರ ಬಂದು "ಅಣ್ಣಾರ, ಒಂದ್ ಮಾತು ಕೇಳೂದಿತ್ರಿ" ಅಂತಾರ. ನಾನು ಪಾಸ್ಟರ್ ಅಲ್ಲ, ಸಂಡೇ ಸ್ಕೂಲ್ ಕಲಿಸಾಂವ. ಹೆಸರು, ಊರು, ಮನಿತನ ಯಾವುದೂ ಹಾಕಿಲ್ಲ, ಪ್ರಶ್ನೆ ಅಷ್ಟ ಇಟ್ಟೀನಿ. ಬೈಬಲ್ ಕೈಯಾಗ ಇಟ್ಕೊಂಡು ಓದ್ರಿ, ವಚನದ ನಂಬರ್ ಕೊಟ್ಟೀನಿ, ತಗದು ನೋಡ್ರಿ.

ಆತ್ಮನ ಫಲದ ಪಟ್ಟಿಯೊಳಗ ದಯೆ ಐತಿ, ಕ್ಷಮೆ ಇಲ್ಲಲ್ರೀ. ಮತ್ಯಾಕ ಅದನ್ನೂ ಫಲ ಅಂತೀರಿ?

ಖರೇ ಐತಿ. ಗಲಾತ್ಯ 5:22-23ರೊಳಗ ಪವಿತ್ರಾತ್ಮ ನಮ್ಮೊಳಗ ಬೆಳಸೂ ಗುಣಗಳು, ಅಂದ್ರ ಆತ್ಮನ ಫಲ, ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ತನ್ನನ್ನ ತಾನು ಹಿಡತದಾಗ ಇಟ್ಕೊಳ್ಳೂದು) ಅಂತ ಬರ್ತಾವ, ಕ್ಷಮೆ ಅಂತ ಬ್ಯಾರೆ ಬರದಿಲ್ಲ. ಆದ್ರ ಆ ಪತ್ರ ಬರದ ಅಪೊಸ್ತಲ ಪೌಲನೇ ಕೊಲೊಸ್ಸೆದವ್ರಿಗೆ ಬರ್ಯೂ ಮುಂದ (3:12-13) ಕನಿಕರ, ದಯೆ, ದೀರ್ಘಶಾಂತಿ ಇವನ್ನ ಧರಿಸ್ಕೊಳ್ರಿ ಅಂದು, ಅಲ್ಲೇ ಮುಂದಿನ ಮಾತಿನ್ಯಾಗ ಕರ್ತನು ನಿಮ್ಮನ್ನ ಕ್ಷಮಿಸಿದ ಹಂಗ ನೀವೂ ಒಬ್ರನ್ನೊಬ್ರು ಕ್ಷಮಿಸ್ರಿ ಅಂತಾನ. ಎಫೆಸ 4:32ರಾಗೂ ಹಂಗ, ದಯೆ, ಕರುಣೆ, ಕ್ಷಮೆ ಮೂರೂ ಒಂದೇ ವಚನದಾಗ ಅದಾವ. ಒಂದನ್ನ ಬಿಟ್ಟು ಇನ್ನೊಂದು ಬೆಳ್ಯೂದಿಲ್ಲ.

ಇನ್ನೊಂದು ಮಾತು, ನಮ್ಮ ಎಲ್ಲಾರ ಮನಿ ಗ್ವಾಡಿ ಮ್ಯಾಲೂ ಈ ವಚನದ ಕ್ಯಾಲೆಂಡರ್ ಇರ್ತೈತಿ, ಹೂವಿನ ಚಿತ್ರ ಇರ್ತೈತಿ, ಅದಕ್ಕ ಇದು ಭಾಳ ಶಾಂತವಾದ ಊರಿಗೆ ಬರದ ಪತ್ರ ಅನ್ಸಿಬಿಡ್ತೈತಿ. ಏಳು ವಚನ ಹಿಂದ ಹೋಗ್ರಿ, 5:15. ಒಬ್ರನ್ನೊಬ್ರು ಕಚ್ಚಿ ತಿಂದು ನಾಶ ಆಗೀರಿ, ಹುಷಾರು ಅಂತ ಬರದಾನ. ಜಗಳಾಡೂ ಸಭೆಗೇ ಈ ಫಲದ ಮಾತು ಹೇಳಿದ್ದು, ಅಂದ್ರ ನಮ್ಮಂಥವ್ರಿಗೇ.

ನಂಬಿ ಇಷ್ಟು ವರ್ಷ ಆತು, ದೀಕ್ಷಾಸ್ನಾನ ಆಗೇತಿ, ಆದ್ರೂ ಅವ್ರ ಮಾರಿ ಕಂಡ್ರ ಎದಿಯೊಳಗ ಬೆಂಕಿ ಹತ್ತತೈತಿ. ನನ್ನ ನಂಬಿಕೆ ಸುಳ್ಳೇನ್ರಿ?

ಸುಳ್ಳಲ್ಲ. ಇದನ್ನ ಕೇಳಾಕತ್ತೀರಿ ಅಂದ್ರನ ಒಳಗ ಜೀವ ಐತಿ ಅಂತ ಅರ್ಥ, ಸತ್ತ ನಂಬಿಕೆಗೆ ಈ ಸಂಕಟ ಆಗೂದಿಲ್ಲ.

ಧಾರವಾಡದಾಗ ಹಿತ್ತಲದೊಳಗ ಆಪೂಸ್ ಕಸಿ ಗಿಡ ಹಚ್ಚಿದವ್ರಿಗೆ ಗೊತ್ತೈತಿ, ಮರುವರ್ಷ ಯಾರೂ ಹೋಗಿ ಹಣ್ಣು ಹುಡುಕೂದಿಲ್ಲ, ನಾಕೈದು ವರ್ಷ ಹಿಡೀತೈತಿ, ಅಲ್ಲಿತನಕ ನೀರು, ಗೊಬ್ಬರ, ಕಾಯೂದು ಇಷ್ಟ ನಮ್ಮ ಕೆಲಸ. ಮಾರ್ಕ 4:26-29ರಾಗ ಯೇಸುಸ್ವಾಮಿ ಹೇಳಿದ್ದೂ ಇದನ್ನ, ಬಿತ್ತಿದಾಂವ ರಾತ್ರಿ ಮಲಗ್ತಾನ, ಹಗಲು ಏಳ್ತಾನ, ಬೀಜ ಹೆಂಗ ಬೆಳೀತೈತಿ ಅಂತ ಅಂವಗ ತಿಳ್ಯೂದಿಲ್ಲ. ಯೋಹಾನ 15ರಾಗ ಕೊಂಬಿಗೆ ಹೇಳಿದ ಕೆಲಸ ಒಂದೇ, ಬಳ್ಳಿಯೊಳಗ ನೆಲಸೂದು. ಹಲ್ಲು ಕಚ್ಚಿ "ನಾ ಕ್ಷಮಿಸ್ತೀನಿ, ಕ್ಷಮಿಸ್ತೀನಿ" ಅಂತ ತಮ್ಮ ಮ್ಯಾಲ ತಾವ ಜೋರು ಮಾಡ್ಕೊಂಡು ಆಮ್ಯಾಲ ಆಗ್ಲಿಲ್ಲ ಅಂತ ಅಳೂ ಮಂದಿನ್ನ ಭಾಳ ನೋಡೀನಿ, ಅವ್ರಿಗೆ ನಾ ಹೇಳೂದು, ನೀವು ಮೊದ್ಲು ನಿಮಗ ಸಿಕ್ಕ ಕ್ಷಮೆದಾಗ ಕೂಡ್ರಿ, ಅದು ಎಷ್ಟು ದೊಡ್ಡದು ಅಂತ ಎದಿಗೆ ಇಳೀಲಿ, ಕೊಡೂದು ಅಲ್ಲಿಂದ ಬರ್ತೈತಿ.

ಮತ್ತ ಪೌಲನ್ನೇ ನೋಡ್ರಿ. ಸುವಾರ್ತೆ ಸಾರೂ ಪ್ರಯಾಣದ ನಡುವ ಪಂಫುಲ್ಯದಾಗ ಅರ್ಧಕ್ಕ ಕೈಬಿಟ್ಟು ಹೋಗಿದ್ದ ಮಾರ್ಕನ ಸಲುವಾಗಿ ಜೊತಿಗಾರ ಬಾರ್ನಬನ ಕೂಡ ಎಂಥಾ ಜಗಳ ಆತಂದ್ರ ಇಬ್ರೂ ಬ್ಯಾರೆ ಬ್ಯಾರೆ ದಾರಿ ಹಿಡುದ್ರು (ಅ. ಕೃತ್ಯ 15:37-40). ಅದ ಪೌಲ ಕಡೀಕ ಸೆರಿಮನಿಯಾಗಿಂದ ಬರೀತಾನ, ಮಾರ್ಕನ್ನ ಕರ್ಕೊಂಡು ಬಾ, ಅಂವ ನನಗ ಉಪಯೋಗ ಅದಾನ ಅಂತ (2 ತಿಮೊಥೆಯ 4:11). ನಡುವ ವರ್ಷಾನುಗಟ್ಟಲೆ ಕಾಲ ಹೋಗೇತಿ. ಅಪೊಸ್ತಲಗ ಅಷ್ಟು ಟೈಮ್ ಹಿಡೀತು, ನಿಮಗ ಒಂದು ರಿಟ್ರೀಟಿನ್ಯಾಗ ಆಗ್ಬೇಕು ಅಂತ ಯಾರೂ ಹೇಳಬಾರದು.

ದಯೆ ಅಂದ್ರ ಮೆತ್ತಗ ಮಾತಾಡೂದಾ?

ಅದೂ ಬೇಕು, ಆದ್ರ ಅಷ್ಟ ಅಲ್ಲ. ಯೇಸುಸ್ವಾಮಿ ಹೇಳಿದ ಕಥಿಯೊಳಗಿನ ಸಮಾರ್ಯದಾಂವ (ಲೂಕ 10), ಕಳ್ಳರು ಹೊಡದು ದಾರ್ಯಾಗ ಬಿಟ್ಟುಹೋದ ಮನಿಷ್ಯಾನ ಗಾಯಕ್ಕ ಎಣ್ಣಿ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪಶುವಿನ ಮ್ಯಾಲ ಕೂಡ್ರಿಸ್ಕೊಂಡು ಹೋದ, ಛತ್ರದವಗ ಎರಡು ದಿನಾರಿ, ಅಂದ್ರ ಎರಡು ದಿನದ ಕೂಲಿ, ಕೊಟ್ಟ, ಹೆಚ್ಚಿಗಿ ಖರ್ಚಾದ್ರ ತಿರುಗಿ ಬರೂ ಮುಂದ ಕೊಡ್ತೀನಿ ಅಂದ. ಯೊಪ್ಪದ ತಬಿಥ ಸತ್ತಾಗ ವಿಧವೆಯರು ಅಳಕೋತ ಆಕಿ ಹೊಲಿದುಕೊಟ್ಟ ಅಂಗಿಗಳನ್ನ ಹಿಡದು ತೋರ್ಸಿದ್ರು (ಅ. ಕೃತ್ಯ 9:39). ಕೈಯಾಗ ಹಿಡ್ಯಾಕ ಬರೂ ಅಂಥಾ ದಯೆ.

ನಮ್ಮ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವ್ರು 1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ, 1841ರಾಗ ಬೆಟಗೇರಿಗೆ ಬಂದ್ರು, ಬಂದವ್ರು ಬರೇ ಪ್ರಸಂಗ ಮಾಡ್ಲಿಲ್ಲ, ಸಾಲಿ ತಗದ್ರು, ಮುಂದ ದವಾಖಾನಿನೂ ಆದುವು, ಇವತ್ತಿಗೂ ಎಲ್ಲಾ ಜಾತಿ ಮಂದಿ ಅಲ್ಲಿ ಹೋಗ್ತಾರ. ಇವತ್ತು ನಾವು ಮಾಡಾಕ ಬರೂದು ಇದಕ್ಕಿಂತ ಸಣ್ಣದು, ಆದ್ರ ಇರ್ತೈತಿ. ಹುಬ್ಬಳ್ಳಿ ಕಿಮ್ಸ್ ದವಾಖಾನಿ ವಾರ್ಡಿನ್ಯಾಗ ಹಳ್ಳಿಯಿಂದ ಬಂದ ಪೇಶಂಟ್ ಕೂಡ ಒಬ್ರೇ ಅದಾರ ಅಂದ್ರ ಒಂದು ತಾಸು ಅಲ್ಲಿ ಕೂತು ಅವ್ರನ್ನ ಊಟಕ್ಕ ಕಳಸ್ರಿ, ಕಂಪ್ಯೂಟರ್ ಚೀಟಿ ಯಾವ ಕೌಂಟರ್ನ್ಯಾಗ ಮಾಡಸ್ಬೇಕು ಅಂತ ತಿಳಿಲಾರದ ಅಜ್ಜಗ ಕೈ ಹಿಡದು ತೋರ್ಸ್ರಿ. ಭೀಶಿ (ಚೀಟಿ) ಕಂತು ಕಟ್ಟಾಕ ಆಗಲಾರದ ನೆರಿಮನಿ ಅಕ್ಕಗ ನಾಕ ಮಂದಿ ಮುಂದ ಕೇಳಬ್ಯಾಡ್ರಿ, ಒಬ್ಬಾಕಿ ಇದ್ದಾಗ ಮಾತಾಡ್ರಿ.

ಕ್ರೈಸ್ತರಲ್ಲದವ್ರೂ ನಮಗಿಂತ ಹೆಚ್ಚು ದಯಾ ತೋರ್ಸ್ತಾರಲ್ಲ?

ತೋರ್ಸ್ತಾರ, ಅದಕ್ಕ ದೇವರಿಗೆ ಸ್ತೋತ್ರ ಹೇಳ್ರಿ. ಗದಗದ ವೀರೇಶ್ವರ ಪುಣ್ಯಾಶ್ರಮದಾಗ ಕಣ್ಣು ಕಾಣಲಾರದ ಹುಡುಗ್ರಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸ್ಕೋತ ಬಂದಾರ, ಎಷ್ಟೋ ಮಂದಿ ಬಾಳ್ವೆ ಅಲ್ಲಿಂದ ಎದ್ದು ನಿಂತೈತಿ. ಯೇಸುಸ್ವಾಮಿನೂ ರೋಮಿನ ಶತಾಧಿಪತಿನ್ನ ಹೊಗಳ್ಯಾರ, ಸಮಾರ್ಯದಾಂವನ್ನ ಮಾದರಿ ಮಾಡಿ ಇಟ್ಟಾರ. ಒಳ್ಳೇದು ಕಂಡಲ್ಲಿ ಕಲೀಬೇಕು.

ಎಷ್ಟು ಸಲ ಕ್ಷಮಿಸ್ಬೇಕ್ರಿ? ಮಿತಿ ಇಲ್ಲೇನು?

ಪೇತ್ರನೂ ಇದನ್ನ ಕೇಳಿದ, ಏಳು ಸಲ ಸಾಕಾ ಅಂತ. ಏಳೆಪ್ಪತ್ತು ಸಲ ಅಂದ್ರು ಸ್ವಾಮಿ (ಮತ್ತಾಯ 18:22). ಈ ಏಳು-ಎಪ್ಪತ್ತರ ಲೆಕ್ಕ ಬೈಬಲ್ಲಿನ್ಯಾಗ ಭಾಳ ಹಿಂದ ಒಮ್ಮೆ ಬಂದೈತಿ, ಆದಿಕಾಂಡ 4:24ರಾಗ ಲೆಮೆಕ ತನ್ನ ಹೆಂಡಂದ್ರ ಮುಂದ ಕೊಚ್ಚಿಕೊಳ್ತಾನ, ನನಗ ಗಾಯ ಮಾಡಿದಾಂವನ್ನ ಕೊಂದೀನಿ, ಕಾಯಿನಗ ಏಳರಷ್ಟು ಸೇಡು ಆದ್ರ ಲೆಮೆಕಗ ಎಪ್ಪತ್ತೇಳರಷ್ಟು ಅಂತ. ಆ ಸೇಡಿನ ಲೆಕ್ಕಾನೇ ಯೇಸುಸ್ವಾಮಿ ತಿರುವಿ ಕ್ಷಮೆದ ಲೆಕ್ಕ ಮಾಡಿದ್ರು ಅಂತ ನನಗ ಅನಸ್ತೈತಿ. ಅಲ್ಲಿಂದ ಸೀದಾ ಸಾಲದ ಸಾಮ್ಯಕ್ಕ, ಅಂದ್ರ ದೃಷ್ಟಾಂತದ ಕಥಿಗೆ, ಹೋಗ್ತಾರ.

ಈ ಸಾಮ್ಯದ ರೊಕ್ಕದ ಲೆಕ್ಕ ಒಮ್ಮೆ ಮಾಡ್ರಿ, ನಾ ಸಂಡೇ ಸ್ಕೂಲ್ ಹುಡುಗ್ರ ಕಡೆ ಬೋರ್ಡ್ ಮ್ಯಾಲ ಮಾಡಸ್ತೀನಿ. ಒಂದು ದಿನಾರಿ ಅಂದ್ರ ಒಂದು ದಿನದ ಕೂಲಿ. ಒಂದು ತಲಾಂತು ಅಂದ್ರ ಸುಮಾರು 6,000 ದಿನಾರಿ. ಮೊದಲ್ನೇ ಆಳು ಒಡೆಯಗ ಕೊಡಬೇಕಾಗಿದ್ದು 10,000 ತಲಾಂತು, ಅಂದ್ರ 6 ಕೋಟಿ ದಿನದ ಕೂಲಿ, ವರ್ಷಕ್ಕ 300 ದಿನ ದುಡುದ್ರೂ 2 ಲಕ್ಷ ವರ್ಷ. "ತಾಳ್ಕೋರಿ, ಎಲ್ಲಾ ತೀರಿಸ್ತೀನಿ" ಅಂತ ಕಾಲಿಗೆ ಬೀಳ್ತಾನಲ್ಲ, ಅದು ಯಾವ ಜನ್ಮಕ್ಕೂ ತೀರೂ ಸಾಲ ಅಲ್ಲ. ಒಡೆಯ ಅದನ್ನ ಪೂರಾ ಬಿಟ್ಟ. ಬಿಡಿಸ್ಕೊಂಡು ಹೊರಗ ಬಂದಾಂವ ತನಗ 100 ದಿನಾರಿ ಕೊಡಬೇಕಾಗಿದ್ದ ಜೊತಿ ಆಳಿನ ಗಂಟಲಾ ಹಿಡದ.

ಪ್ರಸಂಗದಾಗ ಭಾಳ ಮಂದಿ ಆ 100 ದಿನಾರಿ ಏನೂ ಅಲ್ಲ, ಚಿಲ್ಲರೆ ಅಂತ ಹೇಳಿಬಿಡ್ತಾರ, ನಾ ಅದನ್ನ ಒಪ್ಪೂದಿಲ್ಲ. ಅಮರಗೋಳ ಎಪಿಎಂಸಿಯೊಳಗ ಚೀಲಾ ಹೊರೂ ಹಮಾಲಗ ದಿನಕ್ಕ 600 ರೂಪಾಯಿ ಅಂತ ಹಿಡೀರಿ, 100 ದಿನ ಅಂದ್ರ 60,000 ಆತು. ಮಗಳ ಫೀ, ಮನಿ ಬಾಡಿಗಿ, ದವಾಖಾನಿ ಖರ್ಚು ಎಲ್ಲಾ ಅದರಾಗ ಐತಿ. ನಿಮಗಾದ ನೋವು ಸಣ್ಣದು ಅಂತ ಯೇಸುಸ್ವಾಮಿ ಎಲ್ಲೂ ಹೇಳಿಲ್ಲ. ನಷ್ಟ ಖರೇನ ಆಗೇತಿ, ಆದ್ರ ಆ 60,000ದ ಬಾಜೂಕ ನಿಮಗ ಬಿಟ್ಟುಕೊಟ್ಟಿದ್ದನ್ನ ಇಟ್ಟು ನೋಡ್ರಿ ಅಂತ ಕೇಳ್ತಾರ.

ಕ್ಷಮಿಸಿದ್ರ ಮರೀಬೇಕಾ?

ಬ್ಯಾಡ, ಮರ್ಯಾಕ ಆಗೂದೂ ಇಲ್ಲ. ಯೋಸೇಫ ಅಣ್ಣಂದ್ರನ್ನ ಕ್ಷಮಿಸೂ ಮುಂದ "ನೀವು ಐಗುಪ್ತಕ್ಕ ಮಾರಿದ ಯೋಸೇಫ ನಾನ" ಅಂತ ಬಾಯಿಬಿಟ್ಟು ಹೇಳ್ತಾನ, ಅಪ್ಪ ತೀರ್ಕೊಂಡ ಮ್ಯಾಲೂ ನೀವು ನನಗ ಕೇಡು ಮಾಡಬೇಕಂತ ಇದ್ರಿ, ದೇವರು ಅದನ್ನ ಒಳ್ಳೇದಕ್ಕ ತಿರುಗಿಸಿದ್ರು ಅಂತಾನ (ಆದಿಕಾಂಡ 45:4, 50:20). ಕೇಡಿಗೆ ಕೇಡು ಅಂತನ ಹೆಸರು ಇಟ್ಟ, ಇಟ್ಟೂ ಸೇಡು ಬಿಟ್ಟ. ಪೌಲನೂ ಕಂಚುಗಾರ ಅಲೆಕ್ಸಾಂದ್ರ ನನಗ ಭಾಳ ಕೇಡು ಮಾಡ್ಯಾನ, ಕರ್ತನು ನೋಡ್ಕೋತಾನ, ನೀನೂ ಅವನ ಬಗ್ಗೆ ಹುಷಾರಿರು ಅಂತ ತಿಮೊಥೆಯಗ ಬರದಾನ (2 ತಿಮೊಥೆಯ 4:14-15). ಸೇಡನ್ನ ದೇವರ ಕೈಗೆ ಬಿಟ್ಟಾನ, ಹುಷಾರಿಕಿ ಬಿಟ್ಟಿಲ್ಲ.

ಅವ್ರು ತಪ್ಪಾತು ಅಂತ ಹೇಳೇ ಇಲ್ಲ. ಆದ್ರೂ ಕ್ಷಮಿಸೂದಾ?

ಇಲ್ಲಿ ಎರಡು ಕೆಲಸ ಅದಾವ, ಎರಡನ್ನೂ ಕಲಸಿ ಹೇಳಿದ್ದಕ್ಕನ ನಮ್ಮ ಸಭೆಗಳಾಗ ಇಷ್ಟು ಮಂದಿ ಒದ್ದಾಡ್ತಾರ. ಒಂದು, ಸೇಡು ಬಿಟ್ಟು ಆ ಮನಿಷ್ಯಾನ್ನ ದೇವರ ಕೈಗೆ ಕೊಡೂದು, ಇದನ್ನ ನೀವು ಒಬ್ರ ಮಾಡಬಹುದು, ಎದುರಿನವ್ರು ಬರ್ಲಿ ಬಿಡ್ಲಿ. ಮಾರ್ಕ 11:25ರಾಗ ಪ್ರಾರ್ಥನೆಗೆ ನಿಂತಾಗ ಕ್ಷಮಿಸ್ರಿ ಅಂತೈತಿ, ಅವ್ರು ಕೇಳಿದ ಮ್ಯಾಲ ಅಂತ ಇಲ್ಲ. ಶಿಲುಬಿ ಮ್ಯಾಲ ಯೇಸುಸ್ವಾಮಿ "ತಂದೆಯೇ, ಅವರಿಗೆ ಕ್ಷಮಿಸು" ಅಂದಾಗ ಸಿಪಾಯಿಗಳು ಅವರ ಅರಿವಿಗೆ ಚೀಟಿ ಹಾಕಾಕತ್ತಿದ್ರು. ಸ್ತೆಫನನೂ ಕಲ್ಲು ಬೀಳೂ ಮುಂದನ ಹಂಗ ಬೇಡಿಕೊಂಡ.

ಇನ್ನೊಂದು, ಮುರದ ಸಂಬಂಧ ಕೂಡೂದು. ಇದಕ್ಕ ಇಬ್ರೂ ಬೇಕು. ಲೂಕ 17:3ರಾಗ ಮೊದ್ಲು ಗದರಿಸು, ಪಶ್ಚಾತ್ತಾಪ ಪಟ್ರ ಕ್ಷಮಿಸು ಅಂತ ಐತಲ್ಲ, ಅದು ಇದರ ಮಾತು. ಯೋಸೇಫನೂ ಅಣ್ಣಂದ್ರು ಬಂದ ಕೂಡ್ಲೆ ಅಪ್ಕೊಳ್ಳಿಲ್ಲ, ಅವ್ರು ಬದಲಾಗ್ಯಾರೋ ಇಲ್ಲೋ ಅಂತ ಪರೀಕ್ಷಾ ಮಾಡಿದ, ತಮ್ಮ ಬೆನ್ಯಾಮೀನನ ಬದ್ಲಿ ನನ್ನ ಗುಲಾಮ ಮಾಡ್ಕೋ ಅಂತ ಯೆಹೂದ ಮುಂದ ಬಂದಾಗ (ಆದಿಕಾಂಡ 44:33) ತಡ್ಕೊಳ್ಳಾಕ ಆಗದ ಅತ್ತ. ಹಿಂದಕ ಯೋಸೇಫನ್ನ ಮಾರೂಣು ಅಂದಾಂವನೂ ಇದ ಯೆಹೂದನ.

ಗಂಡ ಕುಡದು ಬಂದು ಹೊಡೀತಾರ. ಹಿರ್ಯಾರು ಕ್ಷಮಿಸು, ಹೊಂದ್ಕೊಂಡು ಹೋಗು, ಪ್ರಾರ್ಥನೆ ಮಾಡು ಅಂತಾರ. ಏನ್ ಮಾಡ್ಲಿ?

ಅಕ್ಕಾ, ಮೊದ್ಲು ಆ ಮನಿಯಿಂದ ಹೊರಗ ಬಂದು ಸುರಕ್ಷಿತ ಇರೂ ಜಾಗಾಕ್ಕ ಹೋಗ್ರಿ, ಮಕ್ಕಳನ್ನೂ ಕರ್ಕೊಂಡು. ಹೊಡತ ತಿನ್ನೂದು ಕ್ಷಮೆ ಅಲ್ಲ. ಬೈಬಲ್ಲಿನ್ಯಾಗ ಎಲ್ಲೂ ಹಂಗ ಹೇಳಿಲ್ಲ, ಹೇಳಿದವ್ರು ತಮ್ಮ ಮಾತನ್ನ ದೇವರ ಮಾತು ಅಂತ ಹೇಳಾಕತ್ತಾರ.

ದಾವೀದನ್ನ ನೋಡ್ರಿ. ಅರಸ ಸೌಲ ಈಟಿ ಎಸದ, ದಾವೀದ ಓಡಿಹೋದ. ಎರಡು ಸಲ ಸೌಲ ಕೈಗೆ ಸಿಕ್ಕಾಗೂ ಕೊಲ್ಲಲಿಲ್ಲ (1 ಸಮುವೇಲ 24, 26), ಇದಕ್ಕಿಂತ ದೊಡ್ಡ ಕ್ಷಮೆ ಹಳೇ ಒಡಂಬಡಿಕೆದಾಗ ಕಡಿಮಿ. ಆದ್ರ ಎರಡನೇ ಸಲ ಮಾತಾಡೂ ಮುಂದ ದೂರದ ಗುಡ್ಡದ ತುದಿಗೆ ನಿಂತು, ನಡುವ ಭಾಳ ಅಂತರ ಇಟ್ಕೊಂಡು ಮಾತಾಡ್ತಾನ (26:13). ಸೌಲ "ತಪ್ಪು ಮಾಡೀನಿ, ತಿರುಗಿ ಬಾ ಮಗನ" ಅಂದ್ರೂ ಅರಮನಿಗೆ ಹೋಗ್ಲಿಲ್ಲ, ತನ್ನ ದಾರಿ ಹಿಡದ. ಅದಕ್ಕ ದೇವರು ದಾವೀದಗ ಬೈಲಿಲ್ಲ.

ಹೆಂಗಸರ ಸಹಾಯವಾಣಿ 181, ತುರ್ತು ಇದ್ರ 112, ಮಕ್ಕಳಿಗೆ ತ್ರಾಸ ಆಗಾಕತ್ತಿದ್ರ 1098. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಾಗೇ ಬಂದೈತಿ, ಅದರ ಪ್ರಕಾರ ರಕ್ಷಣಾ ಆದೇಶನೂ ಕೇಳಬಹುದು, ಗಂಡನ ಮನಿಯೊಳಗ ಇರೂ ಹಕ್ಕೂ ಕೇಳಬಹುದು. ಸಭೆ ಹಿರ್ಯಾರಿಗೆ ನನ್ನ ವಿನಂತಿ, ನಿಮ್ಮ ಮುಂದ ಒಬ್ಬಾಕಿ ತಂಗಿ ಬಂದು ಅತ್ರ ಆಕಿಗೆ ಕ್ಷಮೆದ ಪ್ರಸಂಗ ಮಾಡಬ್ಯಾಡ್ರಿ, ಗಂಡನ್ನ ಕರಸಿ ಮತ್ತಾಯ 18:15-17 ಅವನ ಮುಂದ ಓದ್ರಿ, ಆಕಿ ಉಳಿಯೂ ಜಾಗಾ ಹುಡುಕಿ ಕೊಡ್ರಿ. ಆಕಿ ಕ್ಷಮಿಸೂದು ಆಕಿ ಮತ್ತ ದೇವರ ನಡುವಿನ ಮಾತು, ಅದಕ್ಕ ತಾರೀಖು ಹಾಕಾಕ ನಮಗ ಅಧಿಕಾರ ಇಲ್ಲ.

ಪೊಲೀಸ್ ಕಂಪ್ಲೇಂಟ್ ಕೊಟ್ರ, ಕೋರ್ಟಿಗೆ ಹೋದ್ರ ಕ್ಷಮಿಸಿಲ್ಲ ಅಂದಂಗನಾ?

ಅಲ್ಲ. ರೋಮಾಪುರ 12:19 ಸೇಡು ತೀರಿಸ್ಕೋಬ್ಯಾಡ್ರಿ ಅಂತೈತಿ, ಮುಂದಿನ ಅಧ್ಯಾಯ 13:4 ತಪ್ಪು ಮಾಡಿದವಗ ದಂಡನೆ ಕೊಡಾಕ ಅಧಿಕಾರಿಗಳನ್ನ ದೇವರೇ ಇಟ್ಟಾರ ಅಂತೈತಿ. ಎರಡೂ ಒಂದೇ ಪತ್ರದಾಗ ಅದಾವ. ಫಿಲಿಪ್ಪಿಯೊಳಗ ವಿಚಾರಣೆ ಇಲ್ಲದ ಹೊಡದು ಸುಮ್ನ ಬಿಡಾಕ ನೋಡಿದಾಗ ಪೌಲ, ನಾವು ರೋಮಿನ ಪ್ರಜೆಗಳು, ಅಧಿಕಾರಿಗಳೇ ಬಂದು ಕರ್ಕೊಂಡು ಹೋಗ್ಲಿ ಅಂತ ಪಟ್ಟು ಹಿಡದ (ಅ. ಕೃತ್ಯ 16:37).

ನಮ್ಮ ದೇಶದಾಗೇ ಒಂದು ಸಂಗತಿ ಐತಿ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಾಗ, ಕುಷ್ಠರೋಗಿಗಳ ಸೇವೆ ಮಾಡ್ತಿದ್ದ ಗ್ರಹಾಂ ಸ್ಟೇನ್ಸ್ ಮತ್ತ ಅವ್ರ ಗಂಡಮಕ್ಕಳು ಫಿಲಿಪ್, ತಿಮೊಥಿ ಗಾಡಿಯೊಳಗ ಮಲಗಿದ್ದಾಗ ಬೆಂಕಿ ಹಚ್ಚಿ ಕೊಂದ್ರು, ಹುಡುಗ್ರಿಗೆ 10 ಮತ್ತ 6 ವರ್ಷ. ಹೆಂಡತಿ ಗ್ಲಾಡಿಸ್ ಕೊಂದವ್ರನ್ನ ಕ್ಷಮಿಸೀನಿ ಅಂತ ಹೇಳಿದ್ರು, ಮಗಳ ಕೂಡ ಅಲ್ಲೇ ಉಳದು ಆ ರೋಗಿಗಳ ಸೇವೆ ಮುಂದುವರ್ಸಿದ್ರು, 2005ರಾಗ ಅವ್ರಿಗೆ ಪದ್ಮಶ್ರೀ ಬಂತು. ಆದ್ರ ಅವ್ರ ಕ್ಷಮೆಯಿಂದ ಕೇಸ್ ನಿಲ್ಲಲಿಲ್ಲ, ಮುಖ್ಯ ಆರೋಪಿಗೆ ಆದ ಜೀವಾವಧಿ ಶಿಕ್ಷೆನ 2011ರಾಗ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು. ಕ್ಷಮೆ ಆಕಿ ಕೆಲಸ, ತೀರ್ಪು ನ್ಯಾಯಾಲಯದ ಕೆಲಸ, ಎರಡೂ ತಮ್ಮ ತಮ್ಮ ಜಾಗಾದಾಗ ನಡದುವು.

ಅಣ್ಣತಮ್ಮರ ಆಸ್ತಿ ವಾಟ್ನಿ ಜಗಳ ಮಾತ್ರ ಬ್ಯಾರೆ. ಎರಡು ಗುಂಟೆ ಬದು, ಉತಾರದಾಗ ಹೆಸರು, ಇಂಥಾದ್ದಕ್ಕ ವಿಶ್ವಾಸಿಗಳು ವರ್ಷಾನುಗಟ್ಟಲೆ ಕೋರ್ಟ್ ಅಲೆಯೂದನ್ನ 1 ಕೊರಿಂಥ 6ರಾಗ ಪೌಲ ಬಿರುಸಾಗಿ ಕೇಳ್ಯಾನ, ಅದಕ್ಕಿಂತ ನಷ್ಟ ಯಾಕ ತಾಳ್ಕೋಬಾರದು ಅಂತ. ಆದ್ರ ತಂಗಿ ಪಾಲು ನುಂಗಿ ಕೂತ ಅಣ್ಣ ಈ ವಚನ ಆಕಿಗೆ ತೋರ್ಸಬಾರದು. ಅಂವ ಮೊದ್ಲು ಜಕ್ಕಾಯನ ಕಥಿ ಓದ್ಲಿ.

ತಪ್ಪು ನಂದ ಐತಿ. ಹೆಂಗ ಕೇಳ್ಬೇಕು?

ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕ ನಾಕರಷ್ಟು ತಿರುಗಿ ಕೊಡ್ತೀನಿ ಅಂದ (ಲೂಕ 19:8). ರೊಕ್ಕದ್ದು ಇದ್ರ ರೊಕ್ಕ ಕೊಡ್ರಿ, ಹೆಸರು ಕೆಡಿಸಿದ್ರ ಯಾರ ಮುಂದ ಕೆಡಿಸೀರೋ ಅವ್ರ ಮುಂದನ ಸರಿಮಾಡ್ರಿ. "ನಿಮಗೇನರ ಬ್ಯಾಸರ ಆಗಿದ್ರ ಸಾರಿ" ಅಂತ ವಾಟ್ಸಾಪ್ ಮಾಡಿದ್ರ ಆಗೂದಿಲ್ಲ, ಹೋಗಿ ಎದುರು ನಿಂತು, ನಾ ಇಂಥಾ ದಿನ ಇಂಥಾ ಮಾತು ಆಡೀನಿ, ಅದು ತಪ್ಪು ಅಂತ ಹೇಳ್ರಿ, ಹೇಳಿದ ಮ್ಯಾಲ "ಆದ್ರ ನೀವೂ..." ಅಂತ ಶುರು ಮಾಡಬ್ಯಾಡ್ರಿ. ಅವ್ರು ಅವತ್ತ ಕ್ಷಮಿಸ್ಬೇಕು ಅಂತ ಕೂಡ್ರಬ್ಯಾಡ್ರಿ. ಮತ್ತಾಯ 5:23-24ರ ಪ್ರಕಾರ ಕಾಣಿಕಿನ್ನ ಅಲ್ಲೇ ಬಿಟ್ಟು ಮೊದ್ಲು ಹೋಗಬೇಕು.

ಪ್ರಭುಭೋಜನದಾಗ (ಯೇಸುಸ್ವಾಮಿ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೂ ಆರಾಧನೆದಾಗ) ಒಬ್ರಿಗೊಬ್ರು ಸಮಾಧಾನ ಹೇಳೂ ಮುಂದ ಅವ್ರ ಕಡೆ ಹೋಗಾಕ ಕಾಲು ಏಳೂದಿಲ್ಲ. ರೊಟ್ಟಿ ತಗೋಬಹುದಾ?

ಪಾಸ್ಟರೇಟ್ (ಸಭೆ ಕಮಿಟಿ) ಎಲೆಕ್ಷನ್ ಆದ ಮ್ಯಾಲ ಈ ಪ್ರಶ್ನೆ ಹೆಚ್ಚಾಗತೈತಿ. ಸಿಟ್ಟು ಹೋಗಿಲ್ಲ, ಆದ್ರ ಹೋಗ್ಲಿ ಸ್ವಾಮಿ ಅಂತ ಬೇಡಾಕತ್ತೀರಿ ಅಂದ್ರ ಬರ್ರಿ, ಆ ಮೇಜು ಅಂಥವ್ರಿಗೇ ಐತಿ. ನಾ ಬಿಡೂದ ಇಲ್ಲ ಅಂತ ಪಣಾ ತೊಟ್ಟೀರಿ ಅಂದ್ರ ಮೊದ್ಲು ಪಾಸ್ಟರ್ ಕೂಡ ಕೂತು ಮಾತಾಡ್ರಿ.

ದಿನಾ ಏನ್ ಮಾಡಿದ್ರ ಇದು ಬೆಳೀತೈತಿ?

ಕರ್ತನ ಪ್ರಾರ್ಥನೆದಾಗ "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ" ಅನ್ನೂ ಸಾಲಿಗೆ ಬಂದಾಗ ಓಡಬ್ಯಾಡ್ರಿ, ನಿಂತು ಆ ಹೆಸರು ಹೇಳ್ರಿ. ಆಶೀರ್ವದಿಸು ಅನ್ನಾಕ ಬಾಯಿ ಬರ್ಲಿಲ್ಲ ಅಂದ್ರ ಬರೇ ಹೆಸರು ಹೇಳ್ರಿ, ಅಷ್ಟು ಸಾಕು ಇವತ್ತಿಗೆ. ಸಿಟ್ಟು ಭಾಳ ಇದ್ರ 55ನೇ ಕೀರ್ತನೆ ಓದ್ರಿ, ಜೋಡಿ ಗುಡಿಗೆ ಹೋಗ್ತಿದ್ದ ಗೆಳೆಯನೇ ಮೋಸ ಮಾಡಿದ ನೋವು ಅದರಾಗ ಐತಿ, ದೇವರ ಮುಂದ ಅತ್ತು ಕೂಗೂದು ಪಾಪ ಅಲ್ಲ. ಅವ್ರ ಸುದ್ದಿ ಗ್ರೂಪಿನ್ಯಾಗ ಹಾಕೂದು, ನೆಗೆಣ್ಣಿ ಮುಂದ, ಅತ್ತಿ ಮುಂದ ಮತ್ತ ಮತ್ತ ತಗ್ಯೂದು ಬಿಡ್ರಿ, ಮನಸ್ಸು ಹಗುರ ಮಾಡ್ಕೊಳ್ಳಾಕ ನಂಬಿಗಸ್ತರು ಒಬ್ರು ಸಾಕು. ಸಾಧ್ಯ ಆದ್ರ, ಆದಾಗ, ರೋಮಾಪುರ 12:20 ಹೇಳಿದ ಹಂಗ ಒಂದು ಸಣ್ಣ ಉಪಕಾರ ಮಾಡ್ರಿ, ಅವ್ರ ಮನಿಯೊಳಗ ಸಾವಾದ್ರ ಹೋಗ್ರಿ, ಅಷ್ಟ.

ಅಪ್ಪ ತೀರ್ಕೊಂಡಾರ. ಈಗ ಕ್ಷಮಿಸಿದ್ರ ಯಾರಿಗೆ ಮುಟ್ಟತೈತಿ?

ನಿಮಗ ಮುಟ್ಟತೈತಿ, ನಿಮ್ಮ ಮಕ್ಕಳಿಗೂ ಮುಟ್ಟತೈತಿ, ಯಾಕಂದ್ರ ಅಪ್ಪನ ಮ್ಯಾಲಿನ ಸಿಟ್ಟು ಭಾಳ ಸಲ ಮಕ್ಕಳ ಮ್ಯಾಲನ ಬೀಳತೈತಿ. ಅವ್ರು ಏನ್ ಮಾಡಿದ್ರು ಅನ್ನೂದನ್ನ ಒಂದು ಹಾಳಿ ಮ್ಯಾಲ ಬರೀರಿ, ಒಳ್ಳೇದೂ ನೆನಪಾದ್ರ ಅದನ್ನೂ ಬರೀರಿ, ಪಾಸ್ಟರ್ ಇಲ್ಲಾ ನೀವು ನಂಬೂ ಒಬ್ರು ಹಿರ್ಯಾರ ಮುಂದ ಓದಿ ಹೇಳ್ರಿ, ಆಮ್ಯಾಲ ಇಬ್ರೂ ಕೂಡಿ ಪ್ರಾರ್ಥನೆ ಮಾಡ್ರಿ. ರಾತ್ರಿ ನಿದ್ದಿ ಬರಲಾರದಷ್ಟು, ಕೆಲಸ ಮಾಡಾಕ ಆಗಲಾರದಷ್ಟು ಅದು ಕಾಡಾಕತ್ತಿದ್ರ ಧಾರವಾಡದ ಡಿಮ್ಹಾನ್ಸಿಗೆ (ಮಾನಸಿಕ ಆರೋಗ್ಯದ ದವಾಖಾನಿಗೆ) ಹೋಗಿ ಡಾಕ್ಟರ್‌ಗೆ ತೋರ್ಸ್ರಿ, ಅಲ್ಲಿ ಹೋಗೂದು ನಂಬಿಕೆ ಕಡಿಮಿ ಆತು ಅಂತಲ್ಲ.